ಮೊದಲು ದಂಡೆ, ಆಮೇಲೆ ಕಳೆ: ಕರಾವಳಿಯ ಕೆರೆ-ಮದಗಗಳ ಜಲಕಳೆಯನ್ನು ನಕ್ಷೆಗಿಳಿಸುವ ಕ್ರಮ

ಕೆರೆಯ ಮುಕ್ಕಾಲು ಪಾಲು ಅಂತರಗಂಗೆ ಹಬ್ಬಿರುತ್ತದೆ. ಲ್ಯಾಪ್‌ಟಾಪಿನಲ್ಲಿ ತಯಾರಾದ ನಕ್ಷೆ ಮಾತ್ರ ಕಳೆ ತೀರಾ ಕಡಿಮೆ ಎನ್ನುತ್ತದೆ. ಉಪಗ್ರಹ ಚಿತ್ರ ಹಿಡಿದು ಜಲಕಳೆ ಅಳೆಯಲು ಹೊರಟವರು ಹೆಚ್ಚಾಗಿ ಎಡವುವುದು ಇಲ್ಲೇ. ಮೊದಲು ನೀರಿನ ಸೂಚ್ಯಂಕ (ಚಿತ್ರದ ಬೆಳಕಿನ ಅಳತೆಯಿಂದ ನೀರು ಎಲ್ಲಿದೆ ಎಂದು ತೋರಿಸುವ ಲೆಕ್ಕ) ಹಾಕಿ ಕೆರೆಯನ್ನು ಗುರುತಿಸುತ್ತಾರೆ, ಆಮೇಲೆ ಅದರೊಳಗೆ ಕಳೆ ಹುಡುಕುತ್ತಾರೆ. ಆದರೆ ಕಳೆ ಮುಚ್ಚಿದ ನೀರು ಆ ಸೂಚ್ಯಂಕದ ಕಣ್ಣಿಗೆ ನೆಲದಂತೆಯೇ ಕಾಣುತ್ತದೆ. ಕಳೆಯಿರುವ ಜಾಗ ಮೊದಲ ಹೆಜ್ಜೆಯಲ್ಲೇ ಕೆರೆಯಿಂದ ಹೊರಗೆ ಬೀಳುತ್ತದೆ. ಅಳೆಯಲು ಉಳಿಯುವುದು ಬರಿ ತಿಳಿನೀರು.

ಆದ್ದರಿಂದ ಇಲ್ಲಿ ಹಂತಗಳ ಅನುಕ್ರಮಕ್ಕೇ ಹೆಚ್ಚು ಒತ್ತು ಕೊಟ್ಟಿದ್ದೇವೆ. ಈ ವಿಧಾನ ಸಿಹಿನೀರಿನ ಜಾಗಗಳಿಗೆ: ಮಣಿಪಾಲದ ಮಣ್ಣಪಳ್ಳ, ಕಾರ್ಕಳದ ಆನೆಕೆರೆ, ಮಂಗಳೂರಿನ ಕಾವೂರು ಕೆರೆಯಂಥವು, ಊರೂರಿನ ಮದಗಗಳು (ಸಣ್ಣ ಕೆರೆಗಳು), ಕಿಂಡಿ ಅಣೆಕಟ್ಟಿನ (ಹಲಗೆ ಹಾಕಿ ನೀರು ನಿಲ್ಲಿಸುವ ಸಣ್ಣ ಅಡ್ಡಗಟ್ಟೆಯ) ಹಿಂದೆ ನಿಂತ ನೀರು. ಅಳಿವೆಯ ಉಪ್ಪುನೀರಿನಲ್ಲಿ ಅಂತರಗಂಗೆ ಬಾಳುವುದಿಲ್ಲ. ಮಳೆಗಾಲದ ನೆರೆಗೆ ತೇಲಿ ಬಂದು ಕಡಲತೀರಕ್ಕೆ ಬಿದ್ದದ್ದನ್ನು ಲೆಕ್ಕ ಹಾಕಿ ಪ್ರಯೋಜನವಿಲ್ಲ, ಅದು ಎಲ್ಲಿಂದ ಹೊರಟಿತು ಎನ್ನುವುದನ್ನು ಹುಡುಕಬೇಕು.

ಬೇಕಾದ ಸಾಮಾನು

8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್, ಅದರಲ್ಲಿ ಕ್ಯೂಜಿಐಎಸ್ (ನಕ್ಷೆ ತಯಾರಿಸುವ ತಂತ್ರಾಂಶ) ಮತ್ತು ಗೂಗಲ್ ಅರ್ಥ್ ಪ್ರೊ. ಫೋನಿನಲ್ಲಿ ಕ್ಯೂಫೀಲ್ಡ್ (ಸ್ಥಳದಲ್ಲೇ ಬಿಂದು ಗುರುತಿಸುವ ಆ್ಯಪ್) ಮತ್ತು ದಿಶಾಂಕ್ (ರಾಜ್ಯ ಸರ್ಕಾರದ ಸರ್ವೆ ನಕ್ಷೆಯ ಆ್ಯಪ್). ಉಪಗ್ರಹ ಚಿತ್ರಕ್ಕೆ ಕೋಪರ್ನಿಕಸ್ ಬ್ರೌಸರ್ ಎಂಬ ಜಾಲತಾಣದಲ್ಲಿ ಒಂದು ಖಾತೆ. ಇವೆಲ್ಲವೂ ಉಚಿತ. ಜೊತೆಗೆ 30 ಮೀಟರ್ ಟೇಪು, ಭೂತಗನ್ನಡಿ, ಮೊಣಕಾಲಿನವರೆಗೆ ಬರುವ ಗಮ್‌ಬೂಟು, ದೋಣಿ ಹತ್ತುವುದಾದರೆ ಲೈಫ್ ಜಾಕೆಟ್ಟು. ಡ್ರೋನ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.

ಕೆರೆ ಪಂಚಾಯತಿನದೋ, ಸಣ್ಣ ನೀರಾವರಿ ಇಲಾಖೆಯದೋ, ದೇವಸ್ಥಾನದ್ದೋ ವಿಚಾರಿಸಿ, ಕೇಳಿಯೇ ಇಳಿಯಿರಿ. ಕೊನೆಗೆ ನಕ್ಷೆಯನ್ನು ಕೊಡಬೇಕಾದದ್ದೂ ಅವರಿಗೇ.

ಹಂತ 1: ನಿಮ್ಮ ಕೆರೆಗೆ ಯಾವ ಚಿತ್ರ ಸಾಕು ಎಂದು ನಿರ್ಧರಿಸಿ

ಯುರೋಪಿನ ಸೆಂಟಿನೆಲ್-2 ಉಪಗ್ರಹದ ಅತಿ ಸೂಕ್ಷ್ಮ ಬ್ಯಾಂಡುಗಳಲ್ಲಿ (ಒಂದೊಂದು ಬಗೆಯ ಬೆಳಕನ್ನು ಬೇರೆಯಾಗಿ ಅಳೆದ ಪದರಗಳಲ್ಲಿ) ಒಂದು ಪಿಕ್ಸೆಲ್ 10 ಮೀಟರ್ ಉದ್ದ, 10 ಮೀಟರ್ ಅಗಲ. ಎಂದರೆ 100 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು ಎರಡೂವರೆ ಸೆಂಟ್ಸ್. ಒಂದು ಎಕರೆಯ ಕೆರೆಗೆ 40 ಪಿಕ್ಸೆಲ್ ಸಿಗುತ್ತವೆ. ಆದರೆ ದಂಡೆಯ ಮೇಲೆ ಬೀಳುವ ಪಿಕ್ಸೆಲ್ಲಿನಲ್ಲಿ ಅರ್ಧ ನೀರು, ಅರ್ಧ ತೆಂಗಿನ ಮರ. ಅವನ್ನು ಬಿಟ್ಟರೆ ನಂಬಬಹುದಾದವು 20ರ ಆಸುಪಾಸು. ಅಷ್ಟರಲ್ಲಿ ಹೆಚ್ಚು-ಕಡಿಮೆ ಹೇಳುವುದು ಕಷ್ಟ.

ಎರಡು ಎಕರೆಗಿಂತ ದೊಡ್ಡ, ಅಗಲವಾದ ಕೆರೆಗೆ ಉಪಗ್ರಹ ಸಾಕು. ಅದಕ್ಕಿಂತ ಚಿಕ್ಕದಕ್ಕೆ ಡ್ರೋನ್, ಅಥವಾ ಫೋನ್ ಹಿಡಿದು ಕಳೆಯ ಅಂಚಿನುದ್ದಕ್ಕೂ ನಡೆದು ಗೆರೆ ಎಳೆಯುವುದೇ ಸರಿ. 20 ಮೀಟರಿಗಿಂತ ಕಿರಿದಾದ ತೋಡಿಗೆ (ಹಳ್ಳಕ್ಕೆ) ಸೆಂಟಿನೆಲ್ ಚಿತ್ರ ತೆರೆಯಲೇಬೇಡಿ. ಎರಡೂ ಬದಿಯ ಹಸಿರು ಸೇರಿಕೊಂಡು ತೋಡು ತುಂಬ ಕಳೆಯಿದೆ ಎಂದೇ ತೋರಿಸುತ್ತದೆ.

ಹಂತ 2: ಕೆರೆಯ ಗಡಿಯನ್ನು ಕೈಯಾರೆ ಎಳೆಯಿರಿ

ಈ ಹಂತಕ್ಕೆ ಅರ್ಧ ದಿನ ಹೋದರೂ ಹೋಗಲಿ, ಅವಸರ ಮಾಡಬೇಡಿ. ಗೂಗಲ್ ಅರ್ಥ್ ಪ್ರೊನಲ್ಲಿ ಹಳೆಯ ಚಿತ್ರಗಳ ಗಡಿಯಾರದ ಗುಂಡಿ ಒತ್ತಿ, ಬೇರೆ ಬೇರೆ ವರ್ಷದ ಕನಿಷ್ಠ ಮೂರು ಚಿತ್ರ ನೋಡಿ. ಅಕ್ಟೋಬರಿನಿಂದ ಡಿಸೆಂಬರ್ ನಡುವಿನವು ಅತ್ಯುತ್ತಮ: ಮೋಡ ಸರಿದಿರುತ್ತದೆ, ಕೆರೆ ತುಂಬಿರುತ್ತದೆ. ಮೂರರಲ್ಲಿ ಅತಿ ಹೆಚ್ಚು ನೀರು ನಿಂತ ಗೆರೆಯನ್ನು ಹಿಡಿದು ಪಾಲಿಗನ್ (ಮುಚ್ಚಿದ ಗಡಿಗೆರೆ) ಎಳೆಯಿರಿ. ಕಳೆ ಮುಚ್ಚಿದ ಮೂಲೆಯೂ ಒಳಗೇ ಬರಬೇಕು. ಸಂದೇಹವಿದ್ದಲ್ಲಿ ದಂಡೆಯ ಮುರಕಲ್ಲಿನ ಕಟ್ಟೆ, ತೂಬು, ರಸ್ತೆ ಇವುಗಳ ಆಧಾರ ಹಿಡಿಯಿರಿ, ಇಲ್ಲವೇ ಹೋಗಿ ನೋಡಿ.

ದಿಶಾಂಕ್‌ನಲ್ಲಿ ಸರ್ವೆ ನಂಬರ್ ಸಿಗುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ಆದರೆ ಸರ್ವೆ ಗಡಿಯನ್ನೇ ನೀರಿನ ಗಡಿ ಎಂದುಕೊಳ್ಳಬೇಡಿ. ಕೆರೆಯ ಜಾಗದಲ್ಲಿ ಹೂಳು ತುಂಬಿ ಹುಲ್ಲು ಬೆಳೆದಿರಬಹುದು, ಪಕ್ಕದ ಹಡಿಲು (ಪಾಳು) ಗದ್ದೆಯಲ್ಲಿ ನೀರು ನಿಂತಿರಬಹುದು. ಎರಡೂ ಗಡಿಯನ್ನು ಬೇರೆ ಬೇರೆ ಪದರದಲ್ಲಿಡಿ.

ಈಗ ಪಾಲಿಗನ್ನನ್ನು ಕ್ಯೂಜಿಐಎಸ್‌ಗೆ ತಂದು, ಮೀಟರಿನಲ್ಲಿ ಅಳೆಯುವ ನಿರ್ದೇಶಾಂಕ ಪದ್ಧತಿಯಾದ ಯುಟಿಎಂ ವಲಯ 43 ಉತ್ತರಕ್ಕೆ (ಇಪಿಎಸ್‌ಜಿ 32643) ಬದಲಿಸಿ ಉಳಿಸಿ. ಆಮೇಲೆ ಬಫರ್ ಉಪಕರಣದಲ್ಲಿ ದೂರ −10 ಮೀಟರ್ ಕೊಟ್ಟು, ಒಳಸರಿಸಿದ ಇನ್ನೊಂದು ಗಡಿ ಮಾಡಿಕೊಳ್ಳಿ. ಹೊರಗಿನದು ಕೆರೆಯ ಒಟ್ಟು ವಿಸ್ತೀರ್ಣಕ್ಕೆ, ಒಳಗಿನದು ಉಪಗ್ರಹದ ಲೆಕ್ಕಕ್ಕೆ. ದಂಡೆಯ ತೆಂಗು-ಕಂಗಿನ ನೆರಳು, ಬಾಗಿದ ಕೊಂಬೆ, ಬೈಲಿನ ಭತ್ತ ಎಲ್ಲವೂ ಈ 10 ಮೀಟರಿನಲ್ಲಿ ಕಳಚಿಕೊಳ್ಳುತ್ತವೆ. ಏಣೆಲು (ಮಳೆಗಾಲದ ಭತ್ತದ) ಬೆಳೆ ಹಸಿರಾಗಿರುವಾಗ ಗದ್ದೆಗೂ ಅಂತರಗಂಗೆಗೂ ಸೂಚ್ಯಂಕದಲ್ಲಿ ವ್ಯತ್ಯಾಸವೇ ತಿಳಿಯದು. ಅದನ್ನು ಹೊರಗಿಡುವುದು ಈ ಗೆರೆ ಮಾತ್ರ.

ಹಂತ 3: ನೀರಿನ ಬಳಿಗೆ ಹೋಗಿ ಗುರುತು ಹಾಕಿ

ಚಿತ್ರ ನೋಡಿ ಗಿಡದ ಹೆಸರು ಬರೆಯುವುದು ದೊಡ್ಡ ತಪ್ಪು. ಉಪಗ್ರಹಕ್ಕೆ ಕಾಣುವುದು ಹಸಿರು ಎಷ್ಟು ದಟ್ಟ ಎಂಬುದು ಮಾತ್ರ. ತಾವರೆಯೂ ಹಸಿರೇ, ನೈದಿಲೆಯೂ ಹಸಿರೇ. ಕಳೆ ಎಂದು ಬರೆದ ನಕ್ಷೆ ಹಿಡಿದು ಜೆಸಿಬಿ ಬಂದರೆ ನೈದಿಲೆ ಹಾಸೂ ಹೋಗುತ್ತದೆ, ಅದರ ಮೇಲೆ ನಡೆದಾಡುವ ದೇವನಕ್ಕಿ ಎಂಬ ನೀರುಹಕ್ಕಿಯ ನೆಲೆಯೂ ಹೋಗುತ್ತದೆ. ನಕ್ಷೆ ಮಾಡುವವರ ಹೊಣೆ ಇದು.

ಹೆಸರಿನಲ್ಲೇ ಒಂದು ಗೊಂದಲವಿದೆ. ನೇರಳೆ ಹೂವಿನ, ತೊಟ್ಟು ಗಾಳಿ ತುಂಬಿದಂತೆ ಉಬ್ಬಿದ ಗಿಡವನ್ನೂ ಜನ ಅಂತರಗಂಗೆ ಎನ್ನುತ್ತಾರೆ. ಮೆದುವಾದ ರೋಮದ, ಉದ್ದುದ್ದ ಗೀರಿನ ಎಲೆಗಳು ಕೋಸಿನಂತೆ ಸುತ್ತಿಕೊಂಡ ಗಿಡವನ್ನೂ ಅಂತರಗಂಗೆ ಎನ್ನುತ್ತಾರೆ. ಮೊದಲಿನದು ಪಾಂಟೆಡೇರಿಯಾ ಕ್ರಾಸಿಪಿಸ್ (ಹಳೆಯ ಹೆಸರು ಐಕಾರ್ನಿಯಾ), ಎರಡನೆಯದು ಪಿಸ್ಟಿಯಾ. ದಾಖಲೆಯಲ್ಲಿ ಶಾಸ್ತ್ರೀಯ ಹೆಸರನ್ನೇ ಬರೆಯಿರಿ. ಮೂರನೆಯದು ಸಾಲ್ವಿನಿಯಾ ಮೊಲೆಸ್ಟಾ, ತೇಲುವ ಜರಿಗಿಡ. ಅದರ ಎಲೆಯ ಮೇಲಿನ ರೋಮ ನಾಲ್ಕು ಕವಲಾಗಿ ತುದಿಯಲ್ಲಿ ಮತ್ತೆ ಕೂಡಿಕೊಂಡಿರುತ್ತದೆ. ಭೂತಗನ್ನಡಿಯಲ್ಲಿ ಪುಟ್ಟ ಪಂಜರದಂತೆ ಕಾಣುತ್ತದೆ. ಈ ವ್ಯತ್ಯಾಸ ನಿರ್ವಹಣೆಗೂ ಬೇಕು. ಸಾಲ್ವಿನಿಯಾ ಮೊಲೆಸ್ಟಾಕ್ಕೆ ಬೀಜವಿಲ್ಲ, ತುಂಡಿನಿಂದಲೇ ಹಬ್ಬುತ್ತದೆ. ಪಾಂಟೆಡೇರಿಯಾದ ಬೀಜವೋ ಕೆಸರಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ.

ಗುರುತು ಹಾಕುವ ಕ್ರಮ ಹೀಗೆ. ತಿಳಿನೀರು, ಪಾಂಟೆಡೇರಿಯಾ, ಸಾಲ್ವಿನಿಯಾ, ತಾವರೆ-ನೈದಿಲೆ, ದಂಡೆಯ ಜೊಂಡು ಇವು ಪ್ರತಿಯೊಂದಕ್ಕೂ 50 ಬಿಂದುಗಳ ಗುರಿ ಇಟ್ಟುಕೊಳ್ಳಿ. ಒಂದೇ ಕೆರೆಯಲ್ಲಿ ಅಷ್ಟು ಸಿಗದಿದ್ದರೆ ಹತ್ತಿರದ ಮೂರು-ನಾಲ್ಕು ಕೆರೆ ಸೇರಿಸಿ. ಉಪಗ್ರಹಕ್ಕಾಗಿ ಆರಿಸುವ ಬಿಂದುವಿನ ಸುತ್ತ ಕನಿಷ್ಠ 30×30 ಮೀಟರ್ ಒಂದೇ ಬಗೆಯ ಹಾಸಿರಬೇಕು. ಒಂದು ಬಿಂದುವಿನಲ್ಲಿ ಒಂದು ನಿಮಿಷ ನಿಂತು ಸರಾಸರಿ ಸ್ಥಾನ ತೆಗೆದುಕೊಳ್ಳಿ. ಬಯಲಲ್ಲಿ ಫೋನಿನ ತಪ್ಪು 3ರಿಂದ 5 ಮೀಟರ್. ಕಂಗಿನ ತೋಟದ ನೆರಳಲ್ಲಿ 10 ಮೀಟರ್ ದಾಟುವುದೂ ಉಂಟು. ನೀರಿನ ನಡುವೆ ಹೋಗಲಾಗದಿದ್ದರೆ ದಂಡೆಯಿಂದ ಫೋಟೊ ತೆಗೆದು, ದಿಕ್ಕು ಮತ್ತು ಅಂದಾಜು ದೂರ ಬರೆಯಿರಿ.

ಪ್ರತಿ ಬಿಂದುವಿಗೂ ದಿನಾಂಕ, ಗಂಟೆ, ಗಾಳಿಯ ದಿಕ್ಕು ಇರಲಿ. ತೇಲುವ ಕಳೆ ನಿಂತಲ್ಲಿ ನಿಲ್ಲುವುದಿಲ್ಲ. ಮಧ್ಯಾಹ್ನದ ಕಡಲಗಾಳಿಗೆ ಇಡೀ ಹಾಸು ಪೂರ್ವದ ದಂಡೆಗೆ ಸರಿದಿರುತ್ತದೆ. ಸೆಂಟಿನೆಲ್-2 ನಮ್ಮ ಮೇಲೆ ಹಾದುಹೋಗುವುದು ಬೆಳಗ್ಗೆ 11ರ ಸುಮಾರಿಗೆ. ನೀವೂ ಅದೇ ಹೊತ್ತಿಗೆ, ಚಿತ್ರದ ದಿನಾಂಕದಿಂದ ಹೆಚ್ಚೆಂದರೆ ಮೂರು ದಿನದ ಅಂತರದಲ್ಲಿ ಹೋದರೆ ಬಿಂದುವೂ ಚಿತ್ರವೂ ಹೊಂದುತ್ತವೆ.

ಅಕ್ಷಾಂಶ-ರೇಖಾಂಶ ಅದಲುಬದಲಾಗುವುದು ಸಾಮಾನ್ಯ. ನಮ್ಮ ಕಡೆ ಅಕ್ಷಾಂಶ 12-13ರಲ್ಲಿ, ರೇಖಾಂಶ 74-75ರಲ್ಲಿ ಶುರುವಾಗುತ್ತದೆ. ನಿಮ್ಮ ಚುಕ್ಕಿ ನಾರ್ವೆಯ ಉತ್ತರದ ಸಮುದ್ರದಲ್ಲಿ ಬಿದ್ದಿದ್ದರೆ ಎರಡನ್ನೂ ತಿರುಗಿಸಿ ಹಾಕಿದ್ದೀರಿ ಎಂದೇ ಅರ್ಥ.

ಎಚ್ಚರಿಕೆ: ಕಳೆಯ ಹಾಸಿನ ಮೇಲೆ ಕಾಲಿಡಬೇಡಿ, ಅದು ಗಟ್ಟಿ ನೆಲದಂತೆ ಕಂಡರೂ ಕೆಳಗೆ ಆಳವಿರುತ್ತದೆ. ಕಾಲಿನಲ್ಲಿ ಗಾಯವಿದ್ದರೆ ನೀರಿಗೆ ಇಳಿಯಬೇಡಿ. ಇಲಿಜ್ವರ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಿಗೆ ಹೊಸದಲ್ಲ. ಒಬ್ಬರೇ ಹೋಗಬೇಡಿ. ಗಮ್‌ಬೂಟು, ಬಲೆ, ದೋಣಿಗೆ ಅಂಟಿದ ತುಂಡುಗಳನ್ನು ಅಲ್ಲೇ ತೊಳೆದು ತೆಗೆಯಿರಿ. ಇನ್ನೊಂದು ಕೆರೆಗೆ ಕಳೆ ಒಯ್ಯುವವರು ನೀವೇ ಆಗಬಾರದು.

ಹಂತ 4: ಚಿತ್ರ ಆರಿಸಿ ಇಳಿಸಿಕೊಳ್ಳಿ

ಕೋಪರ್ನಿಕಸ್ ಬ್ರೌಸರಿನಲ್ಲಿ ನಿಮ್ಮ ಕೆರೆಯ ಸುತ್ತ ಚೌಕ ಎಳೆದು, ಸೆಂಟಿನೆಲ್-2 ಎಲ್2ಎ (ವಾತಾವರಣದ ಪ್ರಭಾವ ಸರಿಪಡಿಸಿದ ಚಿತ್ರ) ಆರಿಸಿ. ಪುಟದಲ್ಲಿ ತೋರಿಸುವ ಶೇಕಡಾವಾರು ಮೋಡ 100 ಕಿಲೋಮೀಟರ್ ಅಗಲದ ಇಡೀ ಟೈಲಿನದು (ಚಿತ್ರದ ಚೌಕ ತುಂಡಿನದು). ಘಟ್ಟದ ಮೇಲೆ ಮೋಡ ಕವಿದು ಕರಾವಳಿ ತಿಳಿಯಾಗಿರಬಹುದು, ತಿರುಗಾಮುರುಗಾವೂ ಆಗಬಹುದು. ಕೆರೆಯನ್ನು ಹಿಗ್ಗಿಸಿ ಕಣ್ಣಾರೆ ನೋಡಿಯೇ ಆರಿಸಿ. ಡೌನ್‌ಲೋಡಿನಲ್ಲಿ ವಿಶ್ಲೇಷಣೆಯ ಆಯ್ಕೆಗೆ ಹೋಗಿ 32 ಬಿಟ್ ಟಿಫ್ ಮಾದರಿ, ಯುಟಿಎಂ 43 ಉತ್ತರ, ಬ್ಯಾಂಡ್ 3, 4, 8 ಮತ್ತು 11 ಕೊಡಿ. ಬಣ್ಣದ ಜೆಪೆಗ್ ಚಿತ್ರ ಇಳಿಸಿಕೊಂಡರೆ ಅದರಿಂದ ಯಾವ ಲೆಕ್ಕವೂ ಆಗದು.

ಬ್ರೌಸರ್ ಬಿಟ್ಟು ಪೂರ್ತಿ ಟೈಲ್ ಇಳಿಸಿಕೊಳ್ಳುವವರಿಗೆ ಒಂದು ತೊಡಕು ಕಾದಿದೆ. 2022ರ ಜನವರಿ 25ರಿಂದ ಸಂಸ್ಕರಣೆಯ ಕ್ರಮ ಬದಲಾಗಿ, ಪ್ರತಿ ಬ್ಯಾಂಡಿನ ಸಂಖ್ಯೆಗೂ 1000 ಸೇರಿರುತ್ತದೆ. ಅದನ್ನು ಕಳೆಯದೆ ಸೂಚ್ಯಂಕ ಹಾಕಿದರೆ ಹಳೆಯ-ಹೊಸ ಚಿತ್ರಗಳ ಹೋಲಿಕೆ ಕೆಡುತ್ತದೆ. ಉದಾಹರಣೆಗೆ ದಟ್ಟ ಕಳೆಯ ಪಿಕ್ಸೆಲ್ಲಿನಲ್ಲಿ ಬ್ಯಾಂಡ್ 8 ನಿಜಕ್ಕೂ 4000, ಬ್ಯಾಂಡ್ 4 ನಿಜಕ್ಕೂ 300 ಎಂದಿಟ್ಟುಕೊಳ್ಳಿ: ಹಸಿರು ಸೂಚ್ಯಂಕ (ಸೂತ್ರ ಹಂತ 5ರಲ್ಲಿದೆ) 0.86. 1000 ಕಳೆಯದಿದ್ದರೆ 5000 ಮತ್ತು 1300 ಆಗಿ ಬರುವುದು 0.59. ಕೆರೆಯಲ್ಲಿ ಒಂದು ಗಿಡವೂ ಕಡಿಮೆಯಾಗದೆ ನಕ್ಷೆಯಲ್ಲಿ ಕಳೆ ಸೊರಗಿದಂತೆ ಕಾಣುತ್ತದೆ. ಗೂಗಲಿನ ಅರ್ಥ್ ಎಂಜಿನ್ ಎಂಬ ಆನ್‌ಲೈನ್ ವೇದಿಕೆ ಬಳಸುವವರು ‘ಹಾರ್ಮೊನೈಸ್ಡ್’ ಎಂಬ ಹೆಸರಿನ ಸಂಗ್ರಹವನ್ನೇ ತೆಗೆದುಕೊಳ್ಳಿ.

ಹಂತ 5: ಸೂಚ್ಯಂಕ, ಮಿತಿ, ಸೋಸುವಿಕೆ

ಚಿತ್ರವನ್ನು ಹಂತ 2ರ ಒಳಗಡಿಯಿಂದ ಕತ್ತರಿಸಿ. ರಾಸ್ಟರ್ ಕ್ಯಾಲ್ಕುಲೇಟರಿನಲ್ಲಿ ಹಸಿರು ಸೂಚ್ಯಂಕ ಹಾಕಿ: (ಬ್ಯಾಂಡ್ 8 − ಬ್ಯಾಂಡ್ 4) ÷ (ಬ್ಯಾಂಡ್ 8 + ಬ್ಯಾಂಡ್ 4). ತಿಳಿನೀರು ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೆ, ದಟ್ಟ ಹಾಸು 0.6ರ ಮೇಲೆ. 0.3 ಅನ್ನು ಮಿತಿಯಾಗಿಟ್ಟು ಶುರು ಮಾಡಿ, ನಿಮ್ಮ ಬಿಂದುಗಳ ಮೇಲೆ ಇಟ್ಟು ನೋಡಿ ಮೇಲೆ-ಕೆಳಗೆ ಮಾಡಿ. ಬೇರೆ ಊರಿನ ಕೆರೆಗೆ ಹೊಂದಿದ ಮಿತಿ ನಿಮ್ಮ ಕೆರೆಗೆ ಹೊಂದಬೇಕೆಂದಿಲ್ಲ.

ಇನ್ನು ಹಸಿರು ನೀರು. ಚರಂಡಿ ಸೇರುವ ಕೆರೆಯಲ್ಲಿ ಪಾಚಿ ಕದಡಿ ನೀರೇ ಹಸಿರಾದಾಗ ಸೂಚ್ಯಂಕ ಏರುತ್ತದೆ. ಆಗ ಬ್ಯಾಂಡ್ 11 ನೋಡಿ. ಆ ಅಲೆಯುದ್ದದ ಬೆಳಕನ್ನು ನೀರು ಹೀರಿಬಿಡುತ್ತದೆ. ಪಾಚಿ ನೀರಿನೊಳಗೆ ಇರುವುದರಿಂದ ಕಪ್ಪಾಗಿಯೇ ಕಾಣುತ್ತದೆ, ನೀರಿನ ಮೇಲೆ ಎದ್ದು ನಿಂತ ಎಲೆ ಬೆಳ್ಳಗೆ ಕಾಣುತ್ತದೆ. ಬ್ಯಾಂಡ್ 11ರ ಪಿಕ್ಸೆಲ್ 20 ಮೀಟರಿನದು, ಆದ್ದರಿಂದ ಚಿಕ್ಕ ತೇಪೆಗಳಿಗೆ ಇದು ನೆರವಾಗದು.

ಗಿಡದಿಂದ ಗಿಡವನ್ನು ಬೇರ್ಪಡಿಸಲು ಒಂದೇ ದಿನದ ಚಿತ್ರ ಸಾಲದು. ನವೆಂಬರಿನಿಂದ ಮೇವರೆಗೆ ತಿಂಗಳಿಗೊಂದು ಚಿತ್ರ ಸಾಲಾಗಿಟ್ಟು ನೋಡಿ. ತಾವರೆ-ನೈದಿಲೆಗೆ ಬೇರು ಕೆಸರಿನಲ್ಲಿದೆ. ಅವುಗಳ ಹಾಸು ಜಾಗ ಬದಲಿಸುವುದಿಲ್ಲ, ಬೆಳೆಯುವುದೂ ಬಾಡುವುದೂ ಅಲ್ಲೇ. ತೇಲುವ ಕಳೆಯ ಹಾಸು ಚಿತ್ರದಿಂದ ಚಿತ್ರಕ್ಕೆ ಓಡಾಡುತ್ತದೆ. ಯಂತ್ರಕಲಿಕೆಯ ವರ್ಗೀಕರಣ ಮಾಡುವವರು ರ‍್ಯಾಂಡಮ್ ಫಾರೆಸ್ಟ್ ಹಾಕಲಿ, ತೊಂದರೆಯಿಲ್ಲ. ಆದರೆ ಸಾಕಷ್ಟು ಬಿಂದುಗಳಿಲ್ಲದೆ ಅದರ ಬಣ್ಣಬಣ್ಣದ ಫಲಿತಾಂಶ ನಂಬುವುದಕ್ಕಿಂತ ಸಾದಾ ಮಿತಿ ಮತ್ತು ಈ ಸಾಲು ಚಿತ್ರ ನಂಬುವುದೇ ಮೇಲು.

ಹಂತ 6: ಮಳೆಗಾಲಕ್ಕೆ ರಡಾರ್

ಜೂನಿನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಮೇಲೆ ಮೋಡವಿಲ್ಲದ ಚಿತ್ರ ಸಿಗುವುದು ಅಪರೂಪ. ಆಗ ಸೆಂಟಿನೆಲ್-1 ರಡಾರ್ ಚಿತ್ರ ಬಳಸಿ. ನಯವಾದ ನೀರು ರಡಾರ್ ಅಲೆಯನ್ನು ಆಚೆ ಚಿಮ್ಮಿಸಿ ಕಪ್ಪಾಗಿ ಕಾಣುತ್ತದೆ, ಎಲೆಗಳ ಹಾಸು ಚದುರಿಸಿ ಬೆಳ್ಳಗೆ ಕಾಣುತ್ತದೆ. ವಿವಿ (ಲಂಬವಾಗಿ ಕಳಿಸಿ ಲಂಬವಾಗಿಯೇ ಪಡೆದ ಅಲೆ) ಬದಲು ವಿಎಚ್ (ಲಂಬವಾಗಿ ಕಳಿಸಿ ಅಡ್ಡಲಾಗಿ ಪಡೆದ ಅಲೆ) ಧ್ರುವೀಕರಣ ನೋಡಿ. ಗಾಳಿಗೆ ಎದ್ದ ಅಲೆ ವಿವಿಯಲ್ಲಿ ಕಳೆಯಂತೆ ಮೋಸ ಮಾಡುತ್ತದೆ. ಒಂದೇ ಕಕ್ಷೆಯ, ಒಂದೇ ದಿಕ್ಕಿನ ಹಾರಾಟದ ಚಿತ್ರಗಳನ್ನೇ ಹೋಲಿಸಿ. ಪಿಕ್ಸೆಲ್ 10 ಮೀಟರ್ ಎಂದಿದ್ದರೂ ನಿಜವಾದ ಸ್ಪಷ್ಟತೆ 20 ಮೀಟರ್ ಆಸುಪಾಸು. ಐದು ಎಕರೆಗಿಂತ ಚಿಕ್ಕ ಕೆರೆಗೆ ಇದನ್ನು ನೆಚ್ಚಬೇಡಿ.

ಹಂತ 7: ಡ್ರೋನ್ ಇದ್ದರೆ

ಹಾರಿಸುವ ದಿನವೇ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ವಲಯ ನೋಡಿ. ಡ್ರೋನ್ ನಿಯಮ 2021ರ ಪ್ರಕಾರ ಹಸಿರು ವಲಯದಲ್ಲಿ 400 ಅಡಿವರೆಗೆ ಹಾರಿಸಲು ಅನುಮತಿ ಬೇಡ. ಹಳದಿ, ಕೆಂಪು ವಲಯಗಳಲ್ಲಿ ಬೇಕೇ ಬೇಕು. ಬಜ್ಪೆ ವಿಮಾನ ನಿಲ್ದಾಣ ಮತ್ತು ಬಂದರಿನ ಸುತ್ತಮುತ್ತಲ ಕೆರೆಗಳಿಗೆ ಇದನ್ನು ಮರೆಯುವಂತಿಲ್ಲ.

ಒಂದಿಂಚು ಸೆನ್ಸರಿನ, 5472 ಪಿಕ್ಸೆಲ್ ಅಗಲದ, 8.8 ಮಿಲಿಮೀಟರ್ ನಾಭಿದೂರದ ಕ್ಯಾಮೆರಾ 60 ಮೀಟರ್ ಎತ್ತರದಿಂದ ಒಂದು ಪಿಕ್ಸೆಲ್ಲಿಗೆ ಸುಮಾರು 1.6 ಸೆಂಟಿಮೀಟರ್ ಕೊಡುತ್ತದೆ. ಪಾಂಟೆಡೇರಿಯಾ ಎಲೆಯನ್ನು ನೈದಿಲೆಯ ಎಲೆಯಿಂದ ಗುರುತಿಸಲು ಅದು ಸಾಕು. ಚಿತ್ರಗಳು ಮುಂದಕ್ಕೆ ಶೇ 80, ಪಕ್ಕಕ್ಕೆ ಶೇ 70 ಒಂದರ ಮೇಲೊಂದು ಬರಲಿ. ಬೆಳಗ್ಗೆ ಗಾಳಿ ಏಳುವ ಮೊದಲೇ ಮುಗಿಸಿ. ನೆತ್ತಿಯ ಮೇಲೆ ಸೂರ್ಯನಿದ್ದರೆ ನೀರು ಕನ್ನಡಿಯಾಗಿ ಚಿತ್ರದ ನಡುವೆ ಬಿಳಿ ಕಲೆ ಬೀಳುತ್ತದೆ.

ಡ್ರೋನ್ ಚಿತ್ರಗಳನ್ನು ಒಂದಾಗಿ ಹೊಲಿಯುವ ತಂತ್ರಾಂಶಕ್ಕೆ ಬರಿ ನೀರಿನಲ್ಲಿ ಹಿಡಿಯಲು ಗುರುತೇ ಸಿಗುವುದಿಲ್ಲ, ಹೊಲಿದ ಚಿತ್ರದ ನಡುವೆ ತೂತು ಉಳಿಯುತ್ತದೆ. ಹಾರಾಟದ ಪ್ರತಿ ಸಾಲೂ ಎರಡೂ ದಂಡೆ ದಾಟಿ ತಿರುಗುವಂತೆ ಯೋಜಿಸಿ. ತೂಬಿನ ಮೂಲೆ, ಮೆಟ್ಟಿಲ ತುದಿಯಂಥ ಐದು ಸ್ಥಿರ ಗುರುತುಗಳನ್ನು ನೆಲದಲ್ಲಿ ಅಳೆದಿಟ್ಟು ಪ್ರತಿ ಸಲವೂ ಅವಕ್ಕೇ ಚಿತ್ರವನ್ನು ಕೂಡಿಸಿ. ಇಲ್ಲದಿದ್ದರೆ ತಿಂಗಳಿನಿಂದ ತಿಂಗಳಿಗೆ ಕೆರೆಯೇ ಕೆಲವು ಮೀಟರ್ ಸರಿದಂತೆ ಕಾಣುತ್ತದೆ.

ಹಂತ 8: ವಿಸ್ತೀರ್ಣ ಮತ್ತು ತಪಾಸಣೆ

ಕಳೆಯೆಂದು ಬಂದ ಪಿಕ್ಸೆಲ್ ಎಣಿಸಿ, 100ರಿಂದ ಗುಣಿಸಿದರೆ ಚದರ ಮೀಟರ್, ಅದನ್ನು 40.47ರಿಂದ ಭಾಗಿಸಿದರೆ ಸೆಂಟ್ಸ್. ಪಂಚಾಯತಿನಲ್ಲಿ ಸೆಂಟ್ಸ್-ಎಕರೆ ಹೇಳಿ, ಹೆಕ್ಟೇರ್ ಬೇಡ. ಪದರ ಡಿಗ್ರಿಯ ಅಳತೆಯಲ್ಲೇ ಉಳಿದಿದ್ದರೆ ವಿಸ್ತೀರ್ಣ 0.0000 ಎಂದು ಬರಬಹುದು. ಯುಟಿಎಂಗೆ ಬದಲಿಸಿ ಮತ್ತೆ ಲೆಕ್ಕ ಹಾಕಿ.

ಬಿಂದುಗಳಲ್ಲಿ ಶೇ 30ರಷ್ಟನ್ನು ಮೊದಲೇ ಎತ್ತಿಟ್ಟು, ಮಿತಿ ಹೊಂದಿಸುವಾಗ ಮುಟ್ಟದೆ, ಕೊನೆಗೆ ತಪಾಸಣೆಗೆ ಬಳಸಿ. ನಕ್ಷೆ ಕಳೆ ಎಂದ 40 ತಪಾಸಣಾ ಬಿಂದುಗಳಲ್ಲಿ 34 ನಿಜಕ್ಕೂ ಕಳೆಯಾಗಿದ್ದರೆ ಆ ಮಾತಿಗೆ ಶೇ 85 ಬೆಲೆ. ಸ್ಥಳದಲ್ಲಿದ್ದ 38 ಕಳೆಬಿಂದುಗಳಲ್ಲಿ ನಕ್ಷೆ ಹಿಡಿದದ್ದು 34 ಆದರೆ ಶೇ 89. ಎರಡನ್ನೂ ನಕ್ಷೆಯ ಕೆಳಗೆ ಬರೆಯಿರಿ. ಒಟ್ಟು ನಿಖರತೆ ಒಂದನ್ನೇ ಬರೆದರೆ ಸುಲಭವಾಗಿ ಗುರುತಾಗುವ ತಿಳಿನೀರು ಉಳಿದ ತಪ್ಪುಗಳನ್ನು ಮುಚ್ಚಿಹಾಕುತ್ತದೆ.

ಹಂತ 9: ಮತ್ತೆ ಮತ್ತೆ ನೋಡುವುದು, ಅಪಾಯದ ಸೂಚನೆಗಳು

ಮೊದಲ ನಕ್ಷೆ ಅಕ್ಟೋಬರ್ ಕೊನೆಗೆ ಮಾಡಿ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ದಿನಾಂಕ ಕೇಳಿ ಬರೆದುಕೊಳ್ಳಿ. ಹರಿವು ನಿಂತ ಆ ದಿನದಿಂದಲೇ ಕಳೆಗೆ ಅನುಕೂಲ. ಪಾಂಟೆಡೇರಿಯಾ ಹೊಂದಿದ ನೀರಿನಲ್ಲಿ ಒಂದೆರಡು ವಾರದಲ್ಲಿ ಇಮ್ಮಡಿಯಾಗುತ್ತದೆ. ಐದು ಸೆಂಟ್ಸಿನ ತೇಪೆ ಎರಡು ವಾರಕ್ಕೊಮ್ಮೆ ಇಮ್ಮಡಿಯಾದರೆ ಹತ್ತು ವಾರದಲ್ಲಿ 160 ಸೆಂಟ್ಸ್. ಅದಕ್ಕೇ ಹಲಗೆ ಹಾಕಿದ ಮೇಲೆ 15 ದಿನಕ್ಕೊಂದು ಚಿತ್ರ ನೋಡಬೇಕು. ಕೊನೆಯ ನಕ್ಷೆ ಮೇ ತಿಂಗಳಲ್ಲಿ, ಮೊದಲ ಮಳೆಗೆ ಹಾಸೆಲ್ಲ ಕೆಳಗಿನ ಹೊಳೆಗೆ ತೇಲಿ ಹೋಗುವ ಮೊದಲು.

ತೋಡು ಕೆರೆ ಸೇರುವ ಬಾಯಿಯಲ್ಲಿ ಎರಡು ಚಿತ್ರಗಳಲ್ಲಿ ಸತತವಾಗಿ ಹಸಿರು ಕಂಡರೆ ಕೂಡಲೇ ಹೋಗಿ ನೋಡಿ. ಪೋಷಕಾಂಶ ಅಲ್ಲಿಂದಲೇ ಬರುತ್ತದೆ, ಕಳೆ ಬೇರೂರುವುದೂ ಅಲ್ಲೇ ಮೊದಲು. ಗಾಳಿ ಯಾವ ಕಡೆಯಿಂದ ಬೀಸಿದರೂ ಒಂದು ತೇಪೆ ಅಲುಗದಿದ್ದರೆ ಅದು ದಂಡೆಗೆ ಹೆಣೆದುಕೊಂಡಿದೆ, ಅಥವಾ ತೇಲುವ ಕಳೆಯೇ ಅಲ್ಲ. ವಿಸ್ತೀರ್ಣ ತಟ್ಟನೆ ಅರ್ಧವಾಗಿ ಸೂಚ್ಯಂಕ ಏರಿದ್ದರೆ ಸಂಭ್ರಮಿಸಬೇಡಿ: ಗಾಳಿಗೆ ಒಂದೆಡೆ ಒತ್ತಿಕೊಂಡಿದೆ ಅಷ್ಟೆ. ಸೂಚ್ಯಂಕ ನಿಧಾನಕ್ಕೆ ಇಳಿಯುತ್ತ ಹಾಸು ಹಾಗೇ ಇದ್ದರೆ ಎಲೆ ಒಣಗುತ್ತಿದೆ. ಮದ್ದು ಸಿಂಪಡಿಸಿದ್ದಾರೆಯೇ ಎಂದು ವಿಚಾರಿಸಿ, ಕೊಳೆಯುವ ಹಾಸಿನ ಕೆಳಗೆ ಆಮ್ಲಜನಕ ಕುಸಿದು ಮೀನು ಸಾಯಬಹುದು.

ಕಳೆ ತೆಗೆಸಿದ ಮೇಲೆ 15, 30, 60ನೇ ದಿನ ಅದೇ ಗಡಿ, ಅದೇ ಮಿತಿಯಲ್ಲಿ ಮತ್ತೆ ಲೆಕ್ಕ ಹಾಕಿ. ತೆಗೆದ ಕಳೆಯ ರಾಶಿ ಎಲ್ಲಿದೆ ಎಂಬುದನ್ನೂ ನಕ್ಷೆಯಲ್ಲಿ ಗುರುತಿಸಿ. ಅದು ಹಂತ 2ರ ಹೊರಗಡಿಯ ಒಳಗೇ ಬಿದ್ದಿದ್ದರೆ ಕೆರೆ ತುಂಬಿದ ದಿನ ಮತ್ತೆ ನೀರಿನಲ್ಲಿರುತ್ತದೆ. ಪಂಚಾಯತಿಗೆ ಕೊಡುವ ಕೆಎಂಎಲ್ ಕಡತದಲ್ಲಿ (ಗೂಗಲ್ ಅರ್ಥ್ ಪ್ರೊನಲ್ಲಿ ತೆರೆಯುವ ನಕ್ಷೆ ಕಡತದಲ್ಲಿ) ಆ ರಾಶಿಯ ಚುಕ್ಕಿ ಕೆಂಪು ಬಣ್ಣದಲ್ಲಿರಲಿ, ಪಕ್ಕದಲ್ಲಿ ಫೋಟೊ ಮತ್ತು ದಿನಾಂಕ ಇರಲಿ.